ಆಸ್ಪತ್ರೆಯ ಬಿಲ್ ಮತ್ತು ಮನೆಯ ಲೆಕ್ಕ

(ಮಹಿಳಾ ವೇದಿಕೆಯ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಯಾರಿಗೆ ಯಾವ ಚಿಕಿತ್ಸೆ ಆಗಬೇಕು ಎಂದು ನಾನು ಹೇಳುವಂತಿಲ್ಲ, ಹೇಳುವುದೂ ಇಲ್ಲ. ನನಗೆ ಗೊತ್ತಿರುವುದು ಲೆಕ್ಕ. ಎರಡು ವರ್ಷದ ಹಿಂದೆ ಅಮ್ಮನ ಕಾಲಿನ ಚಿಕಿತ್ಸೆಗಾಗಿ ಕೂತು ಹಾಕಿದ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಅಮ್ಮ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದರು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವರು. ಶಾಲೆ ಮುಗಿಸಿ ಆಂಟಾಪ್ ಹಿಲ್‌ನ ಮನೆಗೆ ಬಂದರೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ ಹತ್ತಬೇಕು, ಹತ್ತಿದ ಮೇಲೆ ಅಡುಗೆಮನೆಯಲ್ಲಿ ಮತ್ತೆ ನಿಲ್ಲಬೇಕು. ಅವರ ಎಡಗಾಲಿನ ಮೀನಖಂಡದಲ್ಲಿ ಹಸಿರು ನೀಲಿ ಬಣ್ಣದ ಗಂಟುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಕೇಳಿದರೆ, "ಎಂತದೂ ಇಲ್ಲ, ನರ ಉಬ್ಬಿದ್ದು. ನನ್ನ ಅಮ್ಮನಿಗೂ ಇತ್ತು. ಎಣ್ಣೆ ಹಚ್ಚಿದ್ರೆ ಸರಿಯಾಗ್ತದೆ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಯೊಳಗೂ ಕಾಲುಚೀಲ ಹಾಕಲು ಶುರುಮಾಡಿದರು. ಮುಂಬಯಿಯ ಸೆಕೆಯಲ್ಲಿ ಕಾಲುಚೀಲ ಯಾಕೆ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಬರಲಿಲ್ಲ. ಒಂದು ದಿನ ಬಟ್ಟೆ ಒಗೆಯುವಾಗ ಆ ಕಾಲುಚೀಲದಲ್ಲಿ ಕಲೆ ಕಂಡಿತು. ಒಳಗಿನ ಪಾದದ ಗಂಟಿನ ಮೇಲೆ ಎಂಟಾಣೆ ನಾಣ್ಯಕ್ಕಿಂತ ದೊಡ್ಡ ಹುಣ್ಣು. ಅದು ಮಾಯದೆ ಹಲವು ತಿಂಗಳಾಗಿತ್ತು.

ಎರಡು ಖಾಸಗಿ ಆಸ್ಪತ್ರೆಗಳಿಗೆ ಹೋದೆವು. ಒಂದು ಕಡೆ ಲೇಸರ್ ಎಂದರು, ಅಂದಾಜು 1,15,000 ರೂಪಾಯಿ. ಇನ್ನೊಂದು ಕಡೆ ಕೊಯ್ದು ಮಾಡುವ ಓಪನ್ ಸರ್ಜರಿ ಎಂದರು, ಅಂದಾಜು 72,000. ವ್ಯತ್ಯಾಸ 43,000. ಇದು ನಮಗೆ ಸಿಕ್ಕ ಅಂದಾಜು, ನಿಮಗೆ ಸಿಗುವುದು ಬೇರೆ ಇರಬಹುದು. ಅಮ್ಮ ಕಾಗದ ನೋಡಿದವರೇ ತೀರ್ಮಾನ ಕೊಟ್ಟರು: "ಕಡಿಮೆದ್ದೇ ಮಾಡಿಸುವ. ಅದೂ ಈಗ ಬೇಡ, ದೀಪಾವಳಿ ಆಗಲಿ."

ಆ ರಾತ್ರಿ ನಾನು ಲ್ಯಾಪ್‌ಟಾಪ್ ತೆರೆದು ಎರಡು ಕಾಲಂ ಮಾಡಿದೆ.

ಲೆಕ್ಕಕ್ಕೆ ಮೊದಲು ಕಾಯಿಲೆ ಏನು ಎಂದು ತಿಳಿಯೋಣ. ನಾವು ನರ ಎನ್ನುತ್ತೇವೆ, ಆದರೆ ಅದು ನರವಲ್ಲ, ರಕ್ತನಾಳ. ಹೃದಯದಿಂದ ರಕ್ತ ಒಯ್ಯುವುದು ಅಪಧಮನಿ, ಹೃದಯಕ್ಕೆ ವಾಪಸು ತರುವುದು ಅಭಿಧಮನಿ. ಪಾದದಿಂದ ರಕ್ತ ಮೇಲಕ್ಕೆ ಏರಬೇಕಲ್ಲ, ಅದಕ್ಕಾಗಿ ಅಭಿಧಮನಿಯೊಳಗೆ ಒಂದೇ ದಿಕ್ಕಿಗೆ ತೆರೆಯುವ ಸಣ್ಣ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಪಂಪಿನಂತೆ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ನಿಂತೇ ಇದ್ದರೆ ಪಂಪ್ ನಡೆಯುವುದಿಲ್ಲ. ಬಸುರಿನಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೊಟ್ಟೆಯ ಒತ್ತಡವೂ ಸೇರುತ್ತದೆ, ಹಾರ್ಮೋನಿನಿಂದ ನಾಳದ ಗೋಡೆ ಸಡಿಲವಾಗುತ್ತದೆ. ಮನೆತನದಲ್ಲಿ ಇದ್ದರೆ ಬರುವ ಸಂಭವ ಇನ್ನೂ ಹೆಚ್ಚು. ಕವಾಟ ಕೆಟ್ಟರೆ ರಕ್ತ ಕೆಳಕ್ಕೆ ಜಾರಿ ನಿಲ್ಲುತ್ತದೆ, ನಾಳ ಉಬ್ಬುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ಕೊನೆಗೆ ಒಡೆದು ಹುಣ್ಣಾಗುತ್ತದೆ. ಇದಕ್ಕೇ ವೆರಿಕೋಸ್ ವೇನ್ಸ್ ಎನ್ನುವುದು. ಇದನ್ನು ಪತ್ತೆ ಮಾಡುವುದು ಡಾಪ್ಲರ್ ಸ್ಕ್ಯಾನ್. ಮೇಲ್ಪದರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದು ಅರ್ಥ.

ಚಿಕಿತ್ಸೆಯ ಉದ್ದೇಶ ಒಂದೇ, ಕೆಟ್ಟ ನಾಳವನ್ನು ದಾರಿಯಿಂದ ತೆಗೆಯುವುದು. ರಕ್ತ ಒಳಗಿನ ಒಳ್ಳೆಯ ನಾಳಗಳಲ್ಲಿ ಹರಿಯುತ್ತದೆ. ಓಪನ್ ಸರ್ಜರಿಯಲ್ಲಿ ತೊಡೆಸಂದಿಯಲ್ಲಿ ಕೊಯ್ದು, ನಾಳವನ್ನು ಕಟ್ಟಿ, ಎಳೆದು ತೆಗೆಯುತ್ತಾರೆ. ನೂರು ವರ್ಷಕ್ಕೂ ಹಳೆಯ ವಿಧಾನ. ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಸೂಜಿಯ ತೂತಿನಿಂದ ತೆಳುವಾದ ತಂತು ತೂರಿಸಿ, ನಾಳವನ್ನು ಒಳಗಿನಿಂದ ಬಿಸಿಮಾಡಿ ಮುಚ್ಚುತ್ತಾರೆ. ನಾಳ ಅಲ್ಲೇ ಉಳಿದು ಒಣಗುತ್ತದೆ. ಮೂರನೆಯದು ಫೋಮ್, ಔಷಧಿಯ ನೊರೆಯನ್ನು ಚುಚ್ಚಿ ನಾಳ ಮುಚ್ಚುವುದು.

ಈಗ ಎರಡು ಬಿಲ್‌ಗಳನ್ನು ಬಿಡಿಸಿ ನೋಡೋಣ. ನಾನು ಎರಡೂ ಆಸ್ಪತ್ರೆಗಳಿಂದ ಅಂದಾಜಿನ ವಿವರ ಬರೆಸಿಕೊಂಡೆ. ಲೇಸರ್ ಬಿಲ್‌ನಲ್ಲಿ ದೊಡ್ಡ ಪಾಲು ವಸ್ತುವಿಗೆ. ಒಬ್ಬರಿಗೆ ಒಮ್ಮೆ ಬಳಸಿ ಎಸೆಯುವ ಫೈಬರ್, ಯಂತ್ರದ ಬಾಡಿಗೆ, ಸ್ಕ್ಯಾನ್. ಹಾಸಿಗೆಯ ಖರ್ಚು ಸ್ವಲ್ಪ, ಯಾಕೆಂದರೆ ಸಂಜೆಗೆ ಮನೆ. ಓಪನ್ ಬಿಲ್‌ನಲ್ಲಿ ದೊಡ್ಡ ಪಾಲು ಮನುಷ್ಯರಿಗೆ ಮತ್ತು ಹಾಸಿಗೆಗೆ. ಸರ್ಜನ್, ಅರಿವಳಿಕೆ ತಜ್ಞರು, ಓಟಿಯ ಗಂಟೆಗಳು, ಎರಡು ರಾತ್ರಿಯ ರೂಮ್, ನರ್ಸಿಂಗ್. ವಸ್ತುವಿನ ಖರ್ಚು ಅಂಥದ್ದೇನಿಲ್ಲ.

ಇದನ್ನು ನೆನಪಿಡಿ, ಯಾಕೆಂದರೆ ವಿದೇಶದ ಲೆಕ್ಕ ನಮಗೆ ಹೊಂದದಿರುವುದಕ್ಕೆ ಕಾರಣ ಇದೇ. ಬ್ರಿಟನ್ನಿನಲ್ಲಿ ಕ್ಲಾಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. 11 ಕೇಂದ್ರಗಳ 798 ರೋಗಿಗಳನ್ನು ಫೋಮ್, ಲೇಸರ್, ಸರ್ಜರಿ ಎಂದು ಹಂಚಿ ನೋಡಿದರು. 2014ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ ಲೇಸರ್ ಮತ್ತು ಸರ್ಜರಿಯ ಗುಣ ಹೆಚ್ಚುಕಡಿಮೆ ಸಮವಾಗಿತ್ತು. ಚಿಕಿತ್ಸೆಯ ವೇಳೆಯ ತೊಡಕು ಮಾತ್ರ ಲೇಸರ್‌ನಲ್ಲಿ 1%, ಸರ್ಜರಿಯಲ್ಲಿ 7%. 2019ರಲ್ಲಿ ಐದು ವರ್ಷದ ಲೆಕ್ಕ ಬಂತು. ಖರ್ಚು ಮತ್ತು ಗುಣ ಎರಡನ್ನೂ ಸೇರಿಸಿ ತೂಗಿದಾಗ ಲೇಸರೇ ಮುಂದಿತ್ತು. ಅಲ್ಲಿನ ನೈಸ್ ಸಂಸ್ಥೆ 2013ರಲ್ಲೇ ಕ್ರಮ ಹಾಕಿಕೊಟ್ಟಿತ್ತು: ಮೊದಲು ಬಿಸಿಮಾಡಿ ಮುಚ್ಚುವ ವಿಧಾನ, ಅದು ಹೊಂದದಿದ್ದರೆ ಫೋಮ್, ಅದೂ ಆಗದಿದ್ದರೆ ಓಪನ್ ಸರ್ಜರಿ.

ಅಲ್ಲಿ ಓಟಿಯ ಒಂದು ಗಂಟೆ, ನರ್ಸ್‌ನ ಒಂದು ಪಾಳಿ, ಆಸ್ಪತ್ರೆಯ ಒಂದು ಹಾಸಿಗೆ ಎಲ್ಲವೂ ದುಬಾರಿ. ಫೈಬರಿಗೆ ಹಣ ಕೊಟ್ಟು ಹಾಸಿಗೆ ಉಳಿಸಿದರೆ ಅವರಿಗೆ ಲಾಭ. ನಮ್ಮಲ್ಲಿ ಅಷ್ಟು ಲಾಭವಿಲ್ಲ. ನಮ್ಮಲ್ಲಿ ಮನುಷ್ಯರ ಸಮಯ ಅಗ್ಗ, ಹೊರಗಿನಿಂದ ತರಿಸಿದ ವಸ್ತು ತುಟ್ಟಿ. ಹಾಗಾಗಿ "ಲಂಡನ್ನಿನಲ್ಲಿ ಲೇಸರೇ ಅಗ್ಗವಂತೆ" ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ, ಅದು ಅಲ್ಲಿಯ ಸಂಬಳದ ಲೆಕ್ಕ ಎಂದು ತಿಳಿಯಿರಿ. ಗುಣದ ಫಲಿತಾಂಶವನ್ನು ನಾವು ಅಲ್ಲಿಂದ ತರಬಹುದು, ಬೆಲೆಯ ಫಲಿತಾಂಶವನ್ನು ಇಲ್ಲೇ ಕೂತು ಮಾಡಬೇಕು.

ಇನ್ನೊಂದು ಅಧ್ಯಯನ ನನಗೆ ಬಹಳ ಇಷ್ಟವಾಯಿತು. ಡೆನ್ಮಾರ್ಕಿನಲ್ಲಿ 500 ರೋಗಿಗಳ ಮೇಲೆ ನಾಲ್ಕು ವಿಧಾನಗಳನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಅಲ್ಲಿ ಓಪನ್ ಸರ್ಜರಿಯನ್ನೂ ಪೂರ್ತಿ ಮತಿ ತಪ್ಪಿಸದೆ, ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಿದರು. ಕೆಲಸಕ್ಕೆ ಮರಳಲು ಓಪನ್ ಸರ್ಜರಿಯವರಿಗೆ ಸುಮಾರು 4.3 ದಿನ, ಲೇಸರ್‌ನವರಿಗೆ 3.6 ದಿನ, ರೇಡಿಯೋ ಫ್ರೀಕ್ವೆನ್ಸಿಯವರಿಗೆ 2.9 ದಿನ ಬೇಕಾಯಿತು. ಅಂತರ ಒಂದು ದಿನದ ಆಸುಪಾಸು, ಅಷ್ಟೇ. ಅಂದರೆ ಕೊಯ್ಯುವುದಕ್ಕೂ ತೂತು ಮಾಡುವುದಕ್ಕೂ ಇದೆ ಎಂದು ನಾವು ಭಾವಿಸುವ ಅಂತರದಲ್ಲಿ ಒಂದು ಪಾಲು ನಿಜಕ್ಕೂ ಅರಿವಳಿಕೆಯ ಮತ್ತು ಹಾಸಿಗೆಯ ಅಂತರ. ಅದಕ್ಕೇ ಆಸ್ಪತ್ರೆಯಲ್ಲಿ "ಲೇಸರೋ ಓಪನ್ನೋ" ಎಂದಷ್ಟೇ ಕೇಳಬಾರದು. ಅರಿವಳಿಕೆ ಯಾವುದು, ಎಷ್ಟು ರಾತ್ರಿ ಇರಬೇಕು ಎಂದೂ ಕೇಳಬೇಕು.

ಕಾಲಿನ ಮೇಲ್ಪದರದ ನಾಳ ಸಣ್ಣದು. ದೊಡ್ಡ ರಕ್ತನಾಳಗಳಲ್ಲಿ ಈ ಲೆಕ್ಕ ಇನ್ನೂ ತಿರುವು ಪಡೆಯುತ್ತದೆ. ನಮ್ಮಲ್ಲಿ ಅಪ್ಪ, ಮಾವ, ಸಕ್ಕರೆ ಕಾಯಿಲೆಯ ಅತ್ತೆ ಇರುವ ಮನೆಗಳೇ ಹೆಚ್ಚಾದ್ದರಿಂದ ಎರಡು ಉದಾಹರಣೆ ಹೇಳುತ್ತೇನೆ.

ಮೊದಲನೆಯದು, ಹೊಟ್ಟೆಯೊಳಗಿನ ಮಹಾಪಧಮನಿ ಬಲೂನಿನಂತೆ ಊದಿಕೊಳ್ಳುವುದು. ಒಡೆದರೆ ಪ್ರಾಣಕ್ಕೇ ಅಪಾಯ. ಹೊಟ್ಟೆ ಕೊಯ್ದು ಆ ಭಾಗಕ್ಕೆ ಕೃತಕ ನಾಳ ಹೊಲಿಯುವುದು ಹಳೆಯ ವಿಧಾನ. ತೊಡೆಸಂದಿಯಿಂದ ಬಟ್ಟೆ ಹೊದಿಸಿದ ಸ್ಟೆಂಟನ್ನು ತೂರಿಸಿ ಒಳಗಿನಿಂದ ಆಸರೆ ಕೊಡುವುದು ಹೊಸದು. 1990ರಲ್ಲಿ ಅರ್ಜೆಂಟೀನಾದ ಡಾ. ಹುವಾನ್ ಪರೋಡಿ ಅದನ್ನು ಮಾಡಿದ ಮೇಲೆ ಜಗತ್ತಿನಲ್ಲೆಲ್ಲ ಹರಡಿತು. ಬ್ರಿಟನ್ನಿನಲ್ಲಿ 1999ರಿಂದ 2004ರವರೆಗೆ 37 ಆಸ್ಪತ್ರೆಗಳಲ್ಲಿ 1252 ರೋಗಿಗಳನ್ನು ಸೇರಿಸಿ ಎರಡನ್ನೂ ಹೋಲಿಸಿದರು. ಮೂವತ್ತು ದಿನದೊಳಗಿನ ಸಾವು ಹೊಸ ವಿಧಾನದಲ್ಲಿ 1.8%, ಹಳೆಯದರಲ್ಲಿ 4.3%. ಅಲ್ಲಿಗೆ ಲೆಕ್ಕ ಮುಚ್ಚಿದರೆ ಹೊಸದೇ ಗೆದ್ದಿತು. ಆದರೆ ಅವರು ಹದಿನೈದು ವರ್ಷ ಹಿಂಬಾಲಿಸಿದರು. ಎಂಟು ವರ್ಷದ ನಂತರ ಓಪನ್ ಸರ್ಜರಿ ಆದವರೇ ಹೆಚ್ಚು ಬದುಕಿದ್ದರು. ಸ್ಟೆಂಟ್ ಹಾಕಿದವರಿಗೆ ಜೀವನಪೂರ್ತಿ ಸ್ಕ್ಯಾನ್, ಕೆಲವರಿಗೆ ಮತ್ತೆ ಚಿಕಿತ್ಸೆ. ಸ್ಟೆಂಟಿನ ಬೆಲೆಯೂ ದೊಡ್ಡದು. ಆಸ್ಪತ್ರೆಯಲ್ಲಿ ಉಳಿದ ದಿನಗಳು ಆ ಬೆಲೆಯನ್ನು ತುಂಬಿಕೊಡಲಿಲ್ಲ. 2020ರಲ್ಲಿ ನೈಸ್ ಸಂಸ್ಥೆ, ತಡೆದುಕೊಳ್ಳುವ ಶಕ್ತಿ ಇರುವವರಿಗೆ ಓಪನ್ ಸರ್ಜರಿಯನ್ನೇ ಮುಂದಿಡಬೇಕು ಎಂದಿತು.

ನಮ್ಮ ದೇಶದಲ್ಲಿ 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ ಗರಿಷ್ಠ ಬೆಲೆ ಗೊತ್ತುಮಾಡಿದ್ದು ನಿಮಗೆ ನೆನಪಿರಬಹುದು. ಔಷಧಿ ಲೇಪಿಸಿದ್ದಕ್ಕೆ 29,600, ಲೇಪವಿಲ್ಲದ್ದಕ್ಕೆ 7,260 ರೂಪಾಯಿ. ಆ ಆದೇಶ ಹೃದಯದ ನಾಳದ ಸ್ಟೆಂಟಿಗೆ ಮಾತ್ರ. ಹೊಟ್ಟೆಯ ಮಹಾಪಧಮನಿಯದ್ದಕ್ಕೆ ಅದನ್ನು ತೋರಿಸಿ ಚರ್ಚೆ ಮಾಡಲಾಗದು.

ಎರಡನೆಯದು, ಸಕ್ಕರೆ ಕಾಯಿಲೆ ಅಥವಾ ಬೀಡಿ ಸಿಗರೇಟಿನಿಂದ ಕಾಲಿನ ಅಪಧಮನಿ ಮುಚ್ಚಿ, ಕಾಲು ಕತ್ತರಿಸುವ ಹಂತಕ್ಕೆ ಬರುವುದು. ಇಲ್ಲಿ ಒಂದು ದಾರಿ ಬಲೂನ್, ಇನ್ನೊಂದು ರೋಗಿಯದೇ ಕಾಲಿನ ಅಭಿಧಮನಿ ತೆಗೆದು ಬೈಪಾಸ್ ಮಾಡುವುದು. ಬ್ರಿಟನ್ನಿನ 452 ರೋಗಿಗಳ ಅಧ್ಯಯನ 2005ರಲ್ಲಿ ಬಂತು. ಮೊದಲ ವರ್ಷದ ಆಸ್ಪತ್ರೆ ಖರ್ಚು ಬೈಪಾಸಿನವರಿಗೆ ಸುಮಾರು ಮೂರನೇ ಒಂದು ಪಾಲು ಹೆಚ್ಚು. 2022ರಲ್ಲಿ 1830 ರೋಗಿಗಳ ಇನ್ನೊಂದು ಅಧ್ಯಯನ, ಬೈಪಾಸಿಗೆ ಒಳ್ಳೆಯ ನಾಳ ಇರುವವರಿಗೆ ಮೊದಲು ಸರ್ಜರಿ ಮಾಡುವುದೇ ಮೇಲು ಎಂದು ತೋರಿಸಿತು. ಮರುವರ್ಷ ಮೊಣಕಾಲಿನ ಕೆಳಗಿನ ನಾಳಗಳ ಮೇಲೆ ನಡೆದ ಬ್ರಿಟನ್ನಿನ ಅಧ್ಯಯನ ಬಲೂನೇ ಮೇಲು ಎಂದಿತು. ಅವರಲ್ಲಿ ಒಬ್ಬರು ಸರಿ, ಒಬ್ಬರು ತಪ್ಪು ಎಂದಲ್ಲ. ಯಾವ ಭಾಗದ ನಾಳ, ಬದಲಿ ನಾಳ ಇದೆಯೇ, ರೋಗಿಯ ಶಕ್ತಿ ಎಷ್ಟು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಇವೆಲ್ಲವನ್ನೂ ಓದಿ ನನಗೆ ಹೊಳೆದದ್ದು ಒಂದೇ. ಯಾರಾದರೂ "ಇದು ಅಗ್ಗ" ಎಂದರೆ, "ಯಾವ ದಿನಾಂಕದವರೆಗಿನ ಲೆಕ್ಕ?" ಎಂದು ಕೇಳಬೇಕು. ಡಿಸ್ಚಾರ್ಜ್ ದಿನದವರೆಗೋ, ಒಂದು ವರ್ಷದವರೆಗೋ, ಹತ್ತು ವರ್ಷದವರೆಗೋ? ನಮ್ಮ ಕೆಲಸದಲ್ಲಿ ಸಾಫ್ಟ್‌ವೇರ್ ಕೊಳ್ಳುವಾಗ ಲೈಸೆನ್ಸಿನ ಬೆಲೆ ಮಾತ್ರ ನೋಡಿದರೆ ಮ್ಯಾನೇಜರ್ ಬೈಯುತ್ತಾರೆ. ಐದು ವರ್ಷ ಅದನ್ನು ನಡೆಸಲು ಎಷ್ಟು ಎಂದು ಕೇಳುತ್ತಾರೆ. ಅಮ್ಮನ ಕಾಲಿನ ವಿಷಯಕ್ಕೆ ನಾನು ಆ ಪ್ರಶ್ನೆ ಕೇಳಿರಲಿಲ್ಲ.

ಮುಂದಿನ ಪ್ರಶ್ನೆ, ಯಾರ ಜೇಬಿನ ಲೆಕ್ಕ? ಇಲ್ಲಿ ವಿಮೆ ಬರುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಆರೋಗ್ಯ ಸಂಜೀವಿನಿ ಪಾಲಿಸಿ ಎಲ್ಲ ಕಂಪನಿಗಳಲ್ಲೂ ಒಂದೇ ನಿಯಮದ್ದಾದ್ದರಿಂದ ಅದನ್ನೇ ಉದಾಹರಣೆಯಾಗಿ ಹಿಡಿಯುತ್ತೇನೆ.

ಅದರಲ್ಲಿ ವೆರಿಕೋಸ್ ವೇನ್ಸ್ ಮತ್ತು ಅದರ ಹುಣ್ಣಿಗೆ 24 ತಿಂಗಳ ಕಾಯುವ ಅವಧಿ ಇದೆ. ಕಾಲು ನೋವು ಶುರುವಾದ ಮೇಲೆ ಪಾಲಿಸಿ ತೆಗೆದುಕೊಂಡರೆ ತಕ್ಷಣ ಪ್ರಯೋಜನವಿಲ್ಲ. ರೂಮ್ ಬಾಡಿಗೆ ವಿಮಾ ಮೊತ್ತದ 2%, ಗರಿಷ್ಠ ದಿನಕ್ಕೆ 5,000. ಬಿಲ್‌ನ 5% ನಾವೇ ಕೊಡಬೇಕು. ರೂಮಿನ ಮಿತಿ ಮೀರಿದರೆ ಏನಾಗುತ್ತದೆ ಎನ್ನುವುದು ಬಹಳ ಜನರಿಗೆ ಡಿಸ್ಚಾರ್ಜ್ ಕೌಂಟರಿನಲ್ಲೇ ತಿಳಿಯುವುದು. ಉದಾಹರಣೆಗೆ, ನಿಮಗೆ 5,000ದ ರೂಮಿನ ಅರ್ಹತೆ ಇದೆ, ನೀವು 10,000ದ ರೂಮ್ ತೆಗೆದುಕೊಂಡಿರಿ. ಕಂಪನಿ ರೂಮಿನ ಹೆಚ್ಚುವರಿ 5,000 ಕಳೆದು ಸುಮ್ಮನಾಗುವುದಿಲ್ಲ. ಸರ್ಜನ್, ಅರಿವಳಿಕೆ, ಓಟಿ ಸೇರಿ 60,000 ಆಗಿದ್ದರೆ ಅದನ್ನೂ ಅದೇ ಅನುಪಾತದಲ್ಲಿ 30,000 ಎಂದು ಲೆಕ್ಕ ಹಿಡಿಯುತ್ತದೆ. ಔಷಧಿಯ ಬಿಲ್‌ಗೆ ಈ ಕಡಿತ ಇಲ್ಲ. ಎರಡು ರಾತ್ರಿ ಇರಬೇಕಾದ ಓಪನ್ ಸರ್ಜರಿಯಲ್ಲಿ ಈ ಕಡಿತದ ಏಟು ಹೆಚ್ಚು ಬೀಳುವ ಸಂಭವ ಇದೆ.

ಇನ್ನೊಂದು ಕಡೆ, ತೂತಿನ ಚಿಕಿತ್ಸೆಗೂ ಒಂದು ಅಡಚಣೆ. ಆಸ್ಪತ್ರೆಯಲ್ಲಿ 24 ಗಂಟೆ ಇರಬೇಕು ಎನ್ನುವ ನಿಯಮಕ್ಕೆ ಡೇ ಕೇರ್ ಚಿಕಿತ್ಸೆಗಳು ಅಪವಾದ. ಆದರೆ ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಡೇ ಕೇರ್ ಎನಿಸುವುದಿಲ್ಲ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಫೋಮ್ ಚುಚ್ಚಿಸಿಕೊಂಡರೆ ಅದು ಆಸ್ಪತ್ರೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿದ್ದೂ ನಿಮ್ಮ ಜೇಬಿನಿಂದಲೇ ಪೂರ್ತಿ ಹೋಗಬಹುದು. ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಗೂ ವಿಮೆ ಇಲ್ಲ. ಅದಕ್ಕಾಗಿ ಡಾಪ್ಲರ್ ವರದಿ, ನೋವು, ಊತ, ಹುಣ್ಣಿನ ವಿವರ ಡಾಕ್ಟರ ಚೀಟಿಯಲ್ಲಿ ಬರೆದಿರಲಿ. ಅಡ್ಮಿಟ್ ಆಗುವ ಹಿಂದಿನ 30 ದಿನ ಮತ್ತು ಡಿಸ್ಚಾರ್ಜ್ ನಂತರದ 60 ದಿನದ ಖರ್ಚನ್ನೂ ಈ ಪಾಲಿಸಿಯಲ್ಲಿ ಕೇಳಬಹುದು. ಡಾಪ್ಲರ್ ಬಿಲ್, ಡ್ರೆಸ್ಸಿಂಗ್ ಬಿಲ್ ಬಿಸಾಡಬೇಡಿ.

ವಿಮೆ ಇಲ್ಲದವರು ಏನು ಮಾಡಬೇಕು? ನಾವು ಆಂಟಾಪ್ ಹಿಲ್, ವಡಾಲಾ ಕಡೆಯವರು ಅದೃಷ್ಟವಂತರು. ಸಾಯನ್ ಆಸ್ಪತ್ರೆ ಎಂದು ನಾವು ಕರೆಯುವ ಲೋಕಮಾನ್ಯ ತಿಲಕ್ ಆಸ್ಪತ್ರೆ ಒಂದು ಕಡೆ, ಪರೇಲಿನ ಕೆ.ಇ.ಎಂ. ಇನ್ನೊಂದು ಕಡೆ. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 2012ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದಾಗ ಮೊದಲ ಎಂಟು ಜಿಲ್ಲೆಗಳಲ್ಲಿ ಮುಂಬಯಿಯೂ ಇತ್ತು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಹಾಯಕರು ಕೂತಿರುತ್ತಾರೆ. ರೇಷನ್ ಕಾರ್ಡ್, ಆಧಾರ್ ಮತ್ತು ಡಾಕ್ಟರ ಚೀಟಿ ಹಿಡಿದು ಅವರನ್ನೇ ಕೇಳಿ, ನಮ್ಮ ಚಿಕಿತ್ಸೆ ಪ್ಯಾಕೇಜಿನಲ್ಲಿದೆಯೇ, ಯಾವ ಆಸ್ಪತ್ರೆಯಲ್ಲಿ ಎಂದು. 70 ವರ್ಷ ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವ ಆಯುಷ್ಮಾನ್ ವಯ ವಂದನಾ ಯೋಜನೆ 2024ರ ಅಕ್ಟೋಬರ್ 29ರಂದು ಶುರುವಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಹಾಸಿಗೆಯ ಖರ್ಚು ಅತಿ ಕಡಿಮೆ ಆದ್ದರಿಂದ ಅಲ್ಲಿ ಓಪನ್ ಸರ್ಜರಿಗೂ ಲೇಸರಿಗೂ ಅಂತರ ಇನ್ನೂ ಹಿಗ್ಗುತ್ತದೆ. ಲೇಸರ್ ಎಂದರೆ ಫೈಬರ್ ಆಸ್ಪತ್ರೆಯದ್ದೋ ನಾವೇ ತರಬೇಕೋ ಎಂದು ಮೊದಲೇ ಕೇಳಿಕೊಳ್ಳಬೇಕು.

ನಮ್ಮ ಕಟ್ಟಡದ ಒಬ್ಬರು ಆಂಟಿಗೆ ನಾಳ ತೀರಾ ಸೊಟ್ಟಪಟ್ಟಾಗಿತ್ತು, ತಂತು ತೂರುವಂತಿರಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಓಪನ್ ಸರ್ಜರಿ ಮಾಡಿಸಿಕೊಂಡರು. ಇವತ್ತು ಎರಡನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಓಪನ್ ಎಂದರೆ ಬಡವರದ್ದು, ಲೇಸರ್ ಎಂದರೆ ದೊಡ್ಡವರದ್ದು ಎಂಬ ಭಾವನೆ ಬೇಡ ಎನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ಆಸ್ಪತ್ರೆಯ ಬಿಲ್‌ನಲ್ಲಿ ಎಲ್ಲೂ ಇರದ ಲೆಕ್ಕಕ್ಕೆ ಬರುತ್ತೇನೆ. ಡೆನ್ಮಾರ್ಕಿನ ಅಧ್ಯಯನದಲ್ಲಿ ಕೆಲಸಕ್ಕೆ ಮರಳಿದ ದಿನ ಎಂದು ಒಂದು ಅಂಕಿ ಇತ್ತಲ್ಲ, ನಮ್ಮ ಗೃಹಿಣಿಯರಿಗೆ ಆ ದಿನ ಯಾವುದು? ಡಿಸ್ಚಾರ್ಜ್ ಆದ ಸಂಜೆಯೇ ಚಹಾಕ್ಕೆ ಇಟ್ಟರೆ ಅದೇ ದಿನ. ಅದಕ್ಕೆ ಯಾರೂ ರಜೆ ಚೀಟಿ ಬರೆಯುವುದಿಲ್ಲ. ನಾನು ಮೊದಲು ಮಾಡಿದ ಶೀಟಿನಲ್ಲೂ ಅಮ್ಮನ ಕೆಲಸದ ಬೆಲೆ ಸೊನ್ನೆ ಎಂದಿತ್ತು. ನನ್ನ ರಜೆಗೆ ಬೆಲೆ ಹಾಕಿದ್ದೆ, ಟ್ಯಾಕ್ಸಿಗೆ ಬೆಲೆ ಹಾಕಿದ್ದೆ, ಅಮ್ಮ ಮಾಡುವ ಅಡುಗೆಗೆ, ನನ್ನ ಮಗುವನ್ನು ಶಾಲೆಯಿಂದ ಕರೆತರುವುದಕ್ಕೆ ಏನೂ ಹಾಕಿರಲಿಲ್ಲ. ಹಾಗೆ ಬರೆದರೆ ಹೆಚ್ಚು ದಿನ ಮಲಗಿಸುವ ಚಿಕಿತ್ಸೆಯೇ ಯಾವಾಗಲೂ ಅಗ್ಗ ಕಾಣುತ್ತದೆ. ಕೊನೆಗೆ ಅಡುಗೆಯವರಿಗೆ, ಮಗು ನೋಡಿಕೊಳ್ಳುವವರಿಗೆ ನಮ್ಮ ಏರಿಯಾದಲ್ಲಿ ಕೊಡುವ ದಿನದ ದರ ಕೇಳಿ ಆ ಕಾಲಂ ತುಂಬಿದೆ. ಮೂರು ಮಹಡಿ ಹತ್ತಲಾಗದೆ ಅಮ್ಮ ಎಷ್ಟು ದಿನ ಮನೆಯೊಳಗೇ ಇರಬೇಕಾದೀತು ಎಂದೂ ಬರೆದೆ. 43,000ದ ಅಂತರ ಆಗಲೇ ಅರ್ಧಕ್ಕೆ ಇಳಿದಿತ್ತು.

ಆಮೇಲೆ ಅಮ್ಮನ ಕಪಾಟಿನಲ್ಲಿ ವಿಮೆ ಕಾಗದ ಹುಡುಕುವಾಗ ಒಂದು ಬಿಸ್ಕಿಟ್ ಡಬ್ಬಿ ಸಿಕ್ಕಿತು. ಟೀಚರಲ್ಲವೇ, ರಸೀದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದರು. ನಾಲ್ಕು ವರ್ಷದ ಮುಲಾಮು, ಬ್ಯಾಂಡೇಜ್, ಆ್ಯಂಟಿಬಯೋಟಿಕ್, ಎಣ್ಣೆ, ಕ್ಲಿನಿಕ್ಕಿನ ಡ್ರೆಸ್ಸಿಂಗ್. ಕೂಡಿಸಿದೆ. 51,000 ದಾಟಿತ್ತು. ನಾವು ಯಾವ ಅಂತರಕ್ಕಾಗಿ ದೀಪಾವಳಿವರೆಗೆ ಕಾಯಲು ಹೊರಟಿದ್ದೆವೋ, ಅದಕ್ಕಿಂತ ಹೆಚ್ಚು ಹಣ ಆ ಡಬ್ಬಿಯೊಳಗೆ ಯಾರಿಗೂ ಗೊತ್ತಾಗದಂತೆ ಆಗಲೇ ಖರ್ಚಾಗಿತ್ತು. ಗುಣವಾಗಿರಲಿಲ್ಲ. ಯಾಕೆ ಹೇಳಲಿಲ್ಲ ಅಮ್ಮ ಎಂದೆ. "ನಿನಗೆ ಲೋನ್ ಇದೆ, ಮಗು ಚಿಕ್ಕದು. ನನ್ನ ಕಾಲಿಗೆ ಎಂತ ಅರ್ಜೆಂಟು?" ಎಂದರು.

ಅರ್ಜೆಂಟು ಇತ್ತು. 2018ರಲ್ಲಿ ಬ್ರಿಟನ್ನಿನ 450 ಹುಣ್ಣಿನ ರೋಗಿಗಳ ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ಕಾಲಿಗೆ ಒತ್ತು ಪಟ್ಟಿ ಕಟ್ಟಿದರು. ಅರ್ಧ ಜನರಿಗೆ ಕೆಟ್ಟ ನಾಳವನ್ನು ಬೇಗನೆ ಮುಚ್ಚಿದರು, ಉಳಿದವರಿಗೆ ತಡವಾಗಿ. ಬೇಗ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯ್ದಿತು, ಇನ್ನೊಂದು ಗುಂಪಿನಲ್ಲಿ ಅದಕ್ಕೆ 82 ದಿನ ಬೇಕಾಯಿತು. ಒಂದು ಎಚ್ಚರಿಕೆ: ಒತ್ತು ಪಟ್ಟಿಯನ್ನು ನಾವಾಗಿಯೇ ಕಟ್ಟಬಾರದು. ಅಪಧಮನಿಯಲ್ಲೂ ತಡೆ ಇದ್ದರೆ, ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವವರಿಗೆ, ಅದು ಅಪಾಯ. ಮೊದಲು ಡಾಕ್ಟರು ಪರೀಕ್ಷಿಸಬೇಕು.

ನಾವು ಲೇಸರ್ ಮಾಡಿಸಿದೆವು. ನನ್ನ ಕಂಪನಿಯ ವಿಮೆಯಲ್ಲಿ ಅಪ್ಪ ಅಮ್ಮನಿಗೂ ಪಾಲು ಇದ್ದದ್ದರಿಂದ ನಮ್ಮ ಜೇಬಿನಿಂದ ಹೋದದ್ದು ಬಿಲ್‌ನ ಒಂದು ಭಾಗ. ಬೆಳಿಗ್ಗೆ ಹೋಗಿ ಸಂಜೆ ಮೂರು ಮಹಡಿ ನಿಧಾನವಾಗಿ ಹತ್ತಿ ಬಂದರು. ಮೂರು ತಿಂಗಳಲ್ಲಿ ಹುಣ್ಣು ಮಾಯ್ದಿತು. ಎಲ್ಲವೂ ಅಲ್ಲಿಗೆ ಮುಗಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಎಂಟು ತಿಂಗಳ ನಂತರ ಒಂದು ಕವಲು ನಾಳಕ್ಕೆ ಫೋಮ್ ಬೇಕಾಯಿತು, ಅದು ಅಂದಾಜಿನಲ್ಲಿ ಇರಲಿಲ್ಲ, ವಿಮೆಯಿಂದ ಬರಲೂ ಇಲ್ಲ. ಸ್ಟಾಕಿಂಗ್ಸ್ ಎರಡು ಜೊತೆ ಬೇರೆ. ಶೀಟಿನಲ್ಲಿ ಅದನ್ನೂ ಬರೆದಿದ್ದೇನೆ.

ಕೊನೆಯದಾಗಿ, ಅಂದಾಜು ಕೇಳಲು ಹೋಗುವಾಗ ಈ ಆರು ಪ್ರಶ್ನೆಗಳನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ.

ಒಂದು, ನನಗೆ ಎರಡೂ ವಿಧಾನ ಹೊಂದುತ್ತವೆಯೇ? ಹೊಂದದಿದ್ದರೆ ಡಾಪ್ಲರ್ ವರದಿಯ ಯಾವ ಕಾರಣಕ್ಕೆ?

ಎರಡು, ಅಂದಾಜಿನಲ್ಲಿ ವಸ್ತುವಿಗೆ ಎಷ್ಟು, ಡಾಕ್ಟರಿಗೆ ಎಷ್ಟು, ಓಟಿ ಮತ್ತು ರೂಮಿಗೆ ಎಷ್ಟು? ಬರೆದುಕೊಡಿ.

ಮೂರು, ಅರಿವಳಿಕೆ ಯಾವುದು, ಎಷ್ಟು ರಾತ್ರಿ?

ನಾಲ್ಕು, ಎರಡನೇ ಸಲ ಚಿಕಿತ್ಸೆ ಬೇಕಾದರೆ ಅದು ಈ ಮೊತ್ತದಲ್ಲಿ ಸೇರಿದೆಯೇ? ಸ್ಕ್ಯಾನ್, ಸ್ಟಾಕಿಂಗ್ಸ್, ಮರುಭೇಟಿ ಸೇರಿವೆಯೇ?

ಐದು, ಇದು ಡೇ ಕೇರ್ ಎಂದು ದಾಖಲಾಗುತ್ತದೆಯೋ ಹೊರರೋಗಿ ಎಂದೋ? ನನ್ನ ಪಾಲಿಸಿಯ ರೂಮ್ ಮಿತಿ ಎಷ್ಟು?

ಆರು, ಇದು ಆಸ್ಪತ್ರೆಗಲ್ಲ, ಮನೆಯವರಿಗೆ. ಆ ದಿನಗಳಲ್ಲಿ ಅಡುಗೆ ಯಾರದ್ದು?

ಆರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ತಾರೀಕು ಗೊತ್ತುಮಾಡಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಮ್ಮನ, ಅತ್ತೆಯ ಕಾಲನ್ನು ಒಮ್ಮೆ ಬೆಳಕಿನಲ್ಲಿ ನೋಡಿ. "ಎಂತದೂ ಇಲ್ಲ" ಎಂದು ಅವರು ಹೇಳಿಯೇ ಹೇಳುತ್ತಾರೆ. ಆದರೂ ನೋಡಿ. ನಿಮ್ಮ ಕಾಲನ್ನೂ ನೋಡಿಕೊಳ್ಳಿ.

 ಆ ಶೀಟಿನ ಖಾಲಿ ನಮೂನೆಯನ್ನು ಕನ್ನಡದಲ್ಲೇ ಮಾಡಿ ವೇದಿಕೆಯ ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇನೆ. ಬೇಕಾದವರು ಅವರಿಂದ ಪಡೆದುಕೊಳ್ಳಬಹುದು.